ಕುರಿಗಳಲ್ಲಿ ಯಕೃತ್ತಿನ ಚಪ್ಪಟೆ ಹುಳುವಿನ ಬಾಧೆ: ಹತೋಟಿ ಕ್ರಮಗಳು ಹಾಗೂ ಪಶು ಆಸ್ಪತ್ರೆಯ ಸೇವೆಗಳು

ಲಿವರ್ ಫ್ಲೂಕ್ ಎಂದು ಕರೆಯಲ್ಪಡುವ ಚಪ್ಪಟೆ ಹುಳು ಮಲೆನಾಡಿನ ಜಾನುವಾರುಗಳಿಗೆ ಮಾತ್ರ ತಗಲುವ ಬಾಧೆ ಎಂಬ ಭಾವನೆ ಬಯಲುಸೀಮೆಯ ಕುರಿಗಾಹಿಗಳಲ್ಲಿ ಇರುವುದುಂಟು. ಆದರೆ ಈ ಹುಳು ಹರಡಲು ವಿಶಾಲವಾದ ಜೌಗು ಪ್ರದೇಶ ಬೇಕಿಲ್ಲ. ಬಸವನಹುಳು ಬದುಕುವಷ್ಟು ನಿಂತ ನೀರು ಸಾಕು. ಕುಂದಗೋಳ, ನವಲಗುಂದ ತಾಲೂಕುಗಳಲ್ಲಿ ಬೆಣ್ಣೆಹಳ್ಳದ ಮಡುಗಳು, ಮಲಪ್ರಭಾ ಕಾಲುವೆಯ ಸೋರು ನೀರು, ಕಲಘಟಗಿಯಲ್ಲಿ ಕೆರೆಯಂಚು ಮತ್ತು ಭತ್ತದ ಗದ್ದೆಗಳು ಇಂತಹ ಸ್ಥಳಗಳಾಗಿವೆ. ಅಣ್ಣಿಗೇರಿ ಭಾಗದ ಒಣ ಹೊಲಗಳಲ್ಲಿ ಮೇಯುವ ಹಿಂಡು ಸಹ ಮೇವು ಅರಸಿ ಅತ್ತ ಸಾಗಿದಾಗ ಸೋಂಕನ್ನು ಹೊತ್ತು ತರಬಹುದು.

ಹುಳುವಿನ ಮೊಟ್ಟೆಗಳು ಕುರಿಯ ಹಿಕ್ಕೆಯ ಮೂಲಕ ನೀರು ಸೇರಿ, ಅಲ್ಲಿ ಒಡೆದು, ಮರಿಗಳು ಬಸವನಹುಳುವಿನ ದೇಹ ಹೊಕ್ಕು ವೃದ್ಧಿಯಾಗುತ್ತವೆ. ಹಲವು ವಾರಗಳ ನಂತರ ಹೊರಬಂದು ನೀರಂಚಿನ ಹುಲ್ಲಿಗೆ ಅಂಟಿಕೊಂಡು ಕೋಶ ಕಟ್ಟುತ್ತವೆ. ಮಳೆಗಾಲ ಮುಗಿದು ನೀರು ಇಳಿದಾಗ ಈ ಹುಲ್ಲನ್ನೇ ಕುರಿಗಳು ಮೇಯುತ್ತವೆ. ಹೊಟ್ಟೆ ಸೇರಿದ ಎಳೆ ಹುಳುಗಳು ಕರುಳನ್ನು ಭೇದಿಸಿ ಯಕೃತ್ತನ್ನು ಕೊರೆಯುತ್ತಾ ಸಾಗಿ, ಸುಮಾರು ಮೂರು ತಿಂಗಳಲ್ಲಿ ಪಿತ್ತನಾಳ ಸೇರಿ ಬಲಿತು ಮೊಟ್ಟೆ ಇಡುತ್ತವೆ.

ಈ ಮೂರು ತಿಂಗಳೇ ಅಪಾಯದ ಅವಧಿ. ಎಳೆ ಹುಳುಗಳು ಹೆಚ್ಚಿದ್ದಲ್ಲಿ ಯಾವ ಲಕ್ಷಣವನ್ನೂ ತೋರದೆ ಕುರಿಗಳು ಹಠಾತ್ತನೆ ಸಾಯುತ್ತವೆ; ಇದನ್ನು ಕರುಳು ಬೇನೆ ಎಂದು ಭಾವಿಸುವುದು ಸಾಮಾನ್ಯ. ಆಗ ಹಿಕ್ಕೆ ಪರೀಕ್ಷೆಯಲ್ಲಿ ಮೊಟ್ಟೆಗಳು ಕಾಣುವುದಿಲ್ಲ. ಆದ್ದರಿಂದ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲವೆಂದ ಮಾತ್ರಕ್ಕೆ ಹುಳುವಿಲ್ಲವೆಂದು ತಿಳಿಯತಕ್ಕದ್ದಲ್ಲ. ಗದ್ದಬಾವು, ಕಣ್ಣಿನ ಒಳಪೊರೆ ಬಿಳಿಚುವುದು, ಸೊರಗುವುದು, ಉಣ್ಣೆ ಉದುರುವುದು ಇವು ಹುಳು ಬಲಿತ ನಂತರದ ಲಕ್ಷಣಗಳು. ಗದ್ದಬಾವು ಬೇರೆ ಜಂತುಗಳಿಂದಲೂ ಬರುತ್ತದೆ.

ಔಷಧದ ಆಯ್ಕೆ

ಎಲ್ಲ ಜಂತುನಾಶಕಗಳೂ ಈ ಹುಳುವಿಗೆ ಪರಿಣಾಮಕಾರಿಯಲ್ಲ. ಐವರ್‌ಮೆಕ್ಟಿನ್, ಲೆವಮಿಸೋಲ್ ಮಾತ್ರ ಕೊಟ್ಟಲ್ಲಿ ಪ್ರಯೋಜನವಿಲ್ಲ. ಆಕ್ಸಿಕ್ಲೋಜನೈಡ್ (ಪ್ರತಿ ಕಿಲೋ ತೂಕಕ್ಕೆ 15 ಮಿ.ಗ್ರಾಂ) ಮತ್ತು ಅಲ್ಬೆಂಡಜೋಲ್ ಬಲಿತ ಹುಳುವನ್ನು ಕೊಲ್ಲುತ್ತವೆ, ಎಳೆಯದನ್ನಲ್ಲ. ಅಲ್ಬೆಂಡಜೋಲನ್ನು ಗಬ್ಬದ ಮೊದಲ ತಿಂಗಳಲ್ಲಿ ಕೊಡಬಾರದು. ಎಳೆ ಹುಳುವಿಗೆ ಟ್ರೈಕ್ಲಾಬೆಂಡಜೋಲ್ (ಪ್ರತಿ ಕಿಲೋಗೆ 10 ಮಿ.ಗ್ರಾಂ) ಸೂಕ್ತ, ಅಂದರೆ 30 ಕಿಲೋ ತೂಗುವ ಕುರಿಗೆ 300 ಮಿ.ಗ್ರಾಂ. ಹೀಗಾಗಿ ಮಳೆಗಾಲ ಮುಗಿದ ನಂತರ ಎಳೆ ಹುಳುವಿನ ಔಷಧವನ್ನೂ, ಮುಂಗಾರಿಗೆ ಮುನ್ನ ಬಲಿತ ಹುಳುವಿನ ಔಷಧವನ್ನೂ ಪಶುವೈದ್ಯರ ಸಲಹೆಯಂತೆ ಕೊಡಿಸುವುದು ಸೂಕ್ತ. ಎರಡನೆಯದರಿಂದ ಹೊಸ ಮಳೆಯ ನೀರಿಗೆ ಮೊಟ್ಟೆಗಳು ಸೇರುವುದು ತಪ್ಪುತ್ತದೆ.

ಕಣ್ಣಂದಾಜಿನಲ್ಲಿ ಇಡೀ ಹಿಂಡಿಗೆ ಒಂದೇ ಅಳತೆ ಹಾಕುವ ರೂಢಿ ಸರಿಯಲ್ಲ. ಕಡಿಮೆ ಪ್ರಮಾಣದಿಂದ ಹುಳುಗಳು ಔಷಧಕ್ಕೆ ಒಗ್ಗಿಕೊಳ್ಳುತ್ತವೆ. ಕ್ಲೋಸಂಟೆಲ್‌ನಂತಹ ಔಷಧ ಅತಿಯಾದರೆ ಕುರಿ ಕುರುಡಾಗಬಹುದು. ಔಷಧ ಕೊಟ್ಟ ಕುರಿಯನ್ನು ಚೀಟಿಯಲ್ಲಿ ನಮೂದಿಸಿದ ಅವಧಿ ಮುಗಿಯುವವರೆಗೆ ಮಾಂಸಕ್ಕೆ ಮಾರಬಾರದು.

ಮೇಯಿಸುವಿಕೆ

ನೀರಂಚಿನ ಹಸಿರು ಎಷ್ಟೇ ಆಕರ್ಷಕವಾಗಿದ್ದರೂ ದೀಪಾವಳಿಯ ನಂತರದ ತಿಂಗಳುಗಳಲ್ಲಿ ಅಲ್ಲಿ ಹಿಂಡು ಇಳಿಸದಿರುವುದು ಕ್ಷೇಮ. ಸಾಧ್ಯವಾದಲ್ಲಿ ಬಾವಿ ಅಥವಾ ಕೊಳವೆಬಾವಿಯ ನೀರನ್ನು ತೊಟ್ಟಿಯಲ್ಲಿ ಕುಡಿಸಬೇಕು. ಬಸವನಹುಳು ಕೊಲ್ಲಲು ನೀರಿಗೆ ಮೈಲುತುತ್ತ ಸುರಿಯಬಾರದು. ತಾಮ್ರದ ವಿಷವನ್ನು ಕುರಿಗಳು ತಾಳಲಾರವು, ಮೀನುಗಳೂ ಸಾಯುತ್ತವೆ. ಹುಳು ಕಂಡ ಯಕೃತ್ತನ್ನು ಹಳ್ಳಕ್ಕೆ ಎಸೆಯದೆ ಹೂಳಬೇಕು.

ಸೇವೆ ಪಡೆಯುವ ವಿಧಾನ

ಐದಾರು ಕುರಿಗಳ ತಾಜಾ ಹಿಕ್ಕೆಯನ್ನು ಬೇರೆ ಬೇರೆ ಪೊಟ್ಟಣಗಳಲ್ಲಿ ಅದೇ ದಿನ ಸಮೀಪದ ಪಶು ಆಸ್ಪತ್ರೆಗೆ ತಲುಪಿಸಬೇಕು. ಹಿಂಡಿನ ಗಾತ್ರ, ಕಳೆದ ಎರಡು ಮೂರು ತಿಂಗಳು ಮೇಯಿಸಿದ ಸ್ಥಳ ಹಾಗೂ ಕೊಟ್ಟ ಔಷಧದ ಹೆಸರನ್ನು ತಿಳಿಸುವುದು ಅವಶ್ಯ. ತುರ್ತು ಸಂದರ್ಭದಲ್ಲಿ ಉಚಿತ ಸಹಾಯವಾಣಿ 1962ಕ್ಕೆ ಕರೆ ಮಾಡಬಹುದು.

ಕುರಿ ಹಠಾತ್ತನೆ ಸತ್ತಲ್ಲಿ ಹೂಳುವ ಮುನ್ನ ಪಶುವೈದ್ಯಾಧಿಕಾರಿಗಳಿಗೆ ತಿಳಿಸಿ ಮರಣೋತ್ತರ ಪರೀಕ್ಷೆ ಮಾಡಿಸಬೇಕು. ಮೊದಲು ಸತ್ತ ಕುರಿಯ ಯಕೃತ್ತನ್ನು ಪರೀಕ್ಷಿಸಿದಲ್ಲಿ ಉಳಿದ ಹಿಂಡಿಗೆ ಯಾವ ಔಷಧ ಬೇಕೆಂಬುದು ಅಂದೇ ನಿರ್ಧಾರವಾಗಬಹುದು. ‘ಅನುಗ್ರಹ’ ಯೋಜನೆಯಡಿ ಪರಿಹಾರ ಕೋರುವವರಿಗೂ ಈ ವರದಿ ಅಗತ್ಯ. ಅರ್ಹತೆ ಹಾಗೂ ಮೊತ್ತ ಆಯಾ ಕಾಲದ ಸರ್ಕಾರಿ ಆದೇಶಕ್ಕೆ ಒಳಪಟ್ಟಿರುತ್ತದೆ. ಮೂಗು ಅಥವಾ ಗುದದ್ವಾರದಿಂದ ಕಪ್ಪು ರಕ್ತ ಸುರಿದಿದ್ದಲ್ಲಿ ನೆರಡಿ ರೋಗದ ಶಂಕೆ ಇರುವುದರಿಂದ ಅಂತಹ ಕಳೇಬರವನ್ನು ಯಾರೂ ಕೊಯ್ಯತಕ್ಕದ್ದಲ್ಲ.