ನೆರಳಿನ ತಾರಸಿಯಲ್ಲೂ ಕೈತೋಟ: ಮೊದಲು ಬಿಸಿಲಿನ ಲೆಕ್ಕ, ಆಮೇಲೆ ಗಿಡ

ನಾಲ್ಕು ಮಹಡಿಯ ಕಟ್ಟಡದ ಪಕ್ಕದಲ್ಲಿ ಹತ್ತು ಮಹಡಿಯ ಇನ್ನೊಂದು ಕಟ್ಟಡ ಎದ್ದರೆ ತಾರಸಿಯ ಬಿಸಿಲಿಗೆ ಕತ್ತರಿ ಬೀಳುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಇದು ಸಾಮಾನ್ಯ ಸಂಗತಿ. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದಿಂದ ಆಸೆಪಟ್ಟು ತಂದ ಗುಲಾಬಿ ಅಲ್ಲಿ ಮೊಗ್ಗು ಬಿಡದೆ ಸೊರಗಿದರೆ ದೋಷ ಗಿಡದ್ದಲ್ಲ, ಆಯ್ಕೆಯದು. ನೆರಳು ಕೈತೋಟಕ್ಕೆ ಅಡ್ಡಿಯಲ್ಲ; ಆದರೆ ಅಲ್ಲಿ ನಿರೀಕ್ಷಿಸಬೇಕಾದುದು ಎಲೆಯನ್ನೇ ಹೊರತು ಕಾಯಿಯನ್ನಲ್ಲ.

ಬಿಸಿಲಿನ ಲೆಕ್ಕ

ಗಿಡ ಕೊಳ್ಳುವ ಮೊದಲು ಒಂದು ದಿನ ಬೆಳಿಗ್ಗೆ 7ರಿಂದ ಸಂಜೆ 5ರವರೆಗೆ ಗಂಟೆಗೊಮ್ಮೆ ತಾರಸಿಯನ್ನು ಗಮನಿಸಿ, ನೇರ ಬಿಸಿಲು ಬೀಳುವ ಜಾಗವನ್ನು ಗುರುತು ಹಾಕಿಕೊಳ್ಳಬೇಕು. ಟೊಮೆಟೊ, ಬದನೆ, ಬೆಂಡೆ, ಮೆಣಸಿನಕಾಯಿ ಮತ್ತು ಗುಲಾಬಿಗೆ ದಿನಕ್ಕೆ ಸುಮಾರು 6 ಗಂಟೆಯ ಬಿಸಿಲು ಬೇಕು. ಸೊಪ್ಪುಗಳಿಗೆ 3-4 ಗಂಟೆ ಸಾಕು.

ಒಂದೇ ದಿನದ ಲೆಕ್ಕ ಸಾಲದು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ನೆತ್ತಿಗಿಂತ ಉತ್ತರಕ್ಕೂ, ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೂ ವಾಲಿರುತ್ತಾನೆ. ಆದ್ದರಿಂದ ದಕ್ಷಿಣಕ್ಕೆ ಎತ್ತರದ ಕಟ್ಟಡವಿರುವ ತಾರಸಿಗೆ ಡಿಸೆಂಬರ್‌ನಲ್ಲಿ ನೆರಳು ಹೆಚ್ಚು; ಮೇ ತಿಂಗಳಲ್ಲಿ ಅದೇ ಜಾಗ ಬಿಸಿಲು ಕಾಣಬಹುದು. ಕುಂಡದ ಅನುಕೂಲವೇ ಇದು: ಬಿಸಿಲು ಸರಿದತ್ತ ಗಿಡವನ್ನೂ ಸರಿಸಬಹುದು.

ಯಾವ ಗಿಡ ಸೂಕ್ತ?

ಅರೆನೆರಳಿಗೆ ದೊಡ್ಡಪತ್ರೆ, ಪುದೀನ, ಒಂದೆಲಗ, ಹೊನಗೊನೆ ಸೊಪ್ಪು ಮತ್ತು ವೀಳ್ಯದೆಲೆ ಹೊಂದುತ್ತವೆ. ಶುಂಠಿ, ಅರಿಶಿನಗಳೂ ಅಗಲವಾದ ಕುಂಡದಲ್ಲಿ ಬೆಳೆಯುತ್ತವೆ. ಪತ್ರೊಡೆಗೆ ಬೇಕಾದ ಕೆಸುವನ್ನೂ ಬೆಳೆಸಬಹುದು. ಆದರೆ ಅಲಂಕಾರಕ್ಕೆಂದು ಮಾರುವ ಕೆಸುವಿನ ಜಾತಿಯ ಗಿಡಗಳನ್ನು ಅಡುಗೆಗೆ ಬಳಸಬಾರದು. ಹೂವು ಬೇಕೆಂದವರಿಗೆ ಕನಕಾಂಬರವಿದೆ. ನೇರ ಬಿಸಿಲೇ ಬೀಳದ ಮೂಲೆಗೆ ಜರಿಗಿಡ, ಮನಿಪ್ಲಾಂಟ್ ಸೂಕ್ತ.

ಮಣ್ಣು ಮತ್ತು ಭಾರ

ತೋಟದ ಮಣ್ಣನ್ನಷ್ಟೇ ತುಂಬಿದ 20 ಲೀಟರ್ ಕುಂಡ ಒದ್ದೆಯಾದಾಗ 30 ಕಿಲೋ ಮೀರಬಹುದು. ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ, ಎರೆಗೊಬ್ಬರಗಳನ್ನು ಸಮಪಾಲು ಬೆರೆಸಿದರೆ ಭಾರ ಇಳಿಯುತ್ತದೆ, ನೀರೂ ಸರಾಗವಾಗಿ ಬಸಿಯುತ್ತದೆ. ಕುಂಡಗಳನ್ನು ತಾರಸಿಯ ನಡುವೆ ಗುಂಪಾಗಿಡದೆ, ಕೆಳಗೆ ತೊಲೆ ಅಥವಾ ಗೋಡೆ ಇರುವ ಅಂಚಿನಲ್ಲಿ ಇಡುವುದು ಕ್ಷೇಮ. ಇಟ್ಟಿಗೆಯ ಮೇಲೆ ಎತ್ತರಿಸಿಟ್ಟರೆ ನೆಲದಲ್ಲಿ ತೇವ ನಿಲ್ಲದು; ಕೆಳಮನೆಯ ಚಾವಣಿ ಸೋರುವ ತಕರಾರೂ ತಪ್ಪುತ್ತದೆ. ತಾರಸಿ ಎಲ್ಲ ನಿವಾಸಿಗಳಿಗೆ ಸೇರಿದ್ದಾದರೆ ಸಂಘದ ಒಪ್ಪಿಗೆ ಮೊದಲೇ ಪಡೆಯಬೇಕು.

ನೀರೇ ಶತ್ರುವಾದಾಗ

ನೆರಳಿನ ಗಿಡಗಳು ಬಾಯಾರಿ ಸಾಯುವುದಕ್ಕಿಂತ ಬೇರು ಕೊಳೆತು ಸಾಯುವುದೇ ಹೆಚ್ಚು. ಬಿಸಿಲಿಲ್ಲದ ಕಡೆ ಮಣ್ಣು ನಿಧಾನವಾಗಿ ಒಣಗುತ್ತದೆ. ದಿನವೂ ನೀರೆರೆಯುವ ಅಭ್ಯಾಸ ಬಿಟ್ಟು, ಬೆರಳನ್ನು ಒಂದು ಅಂಗುಲ ಆಳಕ್ಕೆ ಊರಿ ನೋಡಬೇಕು. ತೇವವಿದ್ದರೆ ಆ ದಿನ ನೀರು ಬೇಡ. ಒಂದೆಲಗ, ಹೊನಗೊನೆಗಳು ಮಾತ್ರ ಸದಾ ತೇವ ಬಯಸುತ್ತವೆ. ಎಲೆ ಹಳದಿಯಾಗಿ ಕಾಂಡದ ಬುಡ ಮೆತ್ತಗಾದರೆ ಅದು ನೀರು ಹೆಚ್ಚಾದ ಸೂಚನೆ.

ಕುಂಡದಡಿಯ ತಟ್ಟೆಯ ಬಗ್ಗೆಯೂ ಎಚ್ಚರ ಅಗತ್ಯ. ಡೆಂಗಿ ಹರಡುವ ಈಡಿಸ್ ಸೊಳ್ಳೆ ನಿಂತ ತಿಳಿನೀರಿನಲ್ಲಿ ಬೆಳೆಯುತ್ತದೆ. ಮೊಟ್ಟೆ ಸೊಳ್ಳೆಯಾಗಲು 7ರಿಂದ 10 ದಿನ ಸಾಕು. ವಾರಕ್ಕೊಮ್ಮೆಯಾದರೂ ತಟ್ಟೆಯನ್ನು ಬರಿದುಮಾಡಿ ಉಜ್ಜಿ ತೊಳೆಯಬೇಕು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಉತ್ಪತ್ತಿಗೆ ಎಡೆಮಾಡುವ ಮನೆಗಳಿಗೂ ದಂಡ ವಿಧಿಸಲು ಅವಕಾಶ ಕಲ್ಪಿಸಿತು.

ಹಿಟ್ಟುತಿಗಣೆ ಕಂಡರೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ ಮತ್ತು ಕೆಲವು ಹನಿ ಸಾಬೂನು ದ್ರವ ಬೆರೆಸಿ, ಸಂಜೆ ಎಲೆಯ ಅಡಿಭಾಗಕ್ಕೆ ಸಿಂಪಡಿಸಬೇಕು.

ಆರಂಭಕ್ಕೆ ಐದಾರು ಕುಂಡ ಸಾಕು. ಅವು ಒಂದು ಮಳೆಗಾಲ, ಒಂದು ಚಳಿಗಾಲ ದಾಟಿದ ಮೇಲೆ ಸಂಖ್ಯೆ ಹೆಚ್ಚಿಸುವುದು ಜಾಣತನ. ಅಷ್ಟರಲ್ಲಿ ತಂಬುಳಿಗೆ ಬೇಕಾಗುವಷ್ಟು ದೊಡ್ಡಪತ್ರೆಯಂತೂ ಮನೆಯಲ್ಲೇ ಸಿಗುತ್ತದೆ.