ತೆರೆಯ ಮೇಲಿನ ಕೀಲಿಮಣೆ ಮತ್ತು ಗಡಿಯಾಚೆಯ ಕನ್ನಡ

ಗಡಿನಾಡ ಕನ್ನಡ ಅಂದ ಕೂಡಲೇ ನಮ್ಮ ಮಾತು ಮಹಾಜನ ವರದಿ, ಶಾಲೆ, ನಾಮಫಲಕ, ಇವುಗಳ ಸುತ್ತಲೇ ಓಡುತ್ತೆ. ತಪ್ಪೇನಿಲ್ಲ. ಇವತ್ತು ನಾನು ಎತ್ತಿಕೊಂಡಿರುವುದು ಅವಕ್ಕಿಂತ ಚಿಕ್ಕ ವಸ್ತು: ವೆಬ್ ಪುಟದೊಳಗೆ, ಬರೆಯುವ ಚೌಕದ ಕೆಳಗೆ ಮೂಡುವ, ಮೌಸಿನಿಂದ ಒತ್ತುವ ಕನ್ನಡ ಕೀಲಿಮಣೆ. ಕರ್ನಾಟಕದ ಒಳಗೆ ಕೂತವರಿಗೆ ಇದು ಒಂದು ಅನುಕೂಲ ಅಷ್ಟೆ. ಗಡಿಯಾಚೆಗೆ ಅದರ ಚರಿತ್ರೆಯೇ ಬೇರೆ ಅನ್ನೋದು ನನ್ನ ವಾದ.

ಮೊದಲು ಹಕ್ಕಿನ ಮಾತು. 1953ರಲ್ಲಿ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಹೋದವು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು, ಸೊಲ್ಲಾಪುರ, ಅಕ್ಕಲಕೋಟೆ ಮರಾಠಿ ಆಡಳಿತದ ಕಡೆಗೇ ಉಳಿದವು. ಸಂವಿಧಾನದ 350ನೇ ವಿಧಿಯ ಪ್ರಕಾರ ಕುಂದುಕೊರತೆಯ ಅರ್ಜಿಯನ್ನು ಆ ರಾಜ್ಯದಲ್ಲೋ ಒಕ್ಕೂಟದಲ್ಲೋ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು. ಕೇರಳದ 1969ರ ರಾಜ್ಯಭಾಷಾ ಕಾಯ್ದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಪತ್ರ ಬರೆಯೋ ಅವಕಾಶ ಇಟ್ಟಿದೆ. ಕಾಗದದ ಕಾಲದಲ್ಲಿ ಈ ಹಕ್ಕು ಚಲಾಯಿಸೋಕೆ ಒಂದು ಪೆನ್ನು ಸಾಕಿತ್ತು. ಅರ್ಜಿ ತೆರೆಯ ಮೇಲಿನ ಚೌಕವಾದ ಮೇಲೆ? ಸೇವಾ ಕೇಂದ್ರದ ಕಂಪ್ಯೂಟರಿನಲ್ಲಿ ರಾಜ್ಯದ ಭಾಷೆ ಇರುತ್ತೆ, ಇಂಗ್ಲಿಷ್ ಇರುತ್ತೆ. ಹೊಸ ತಂತ್ರಾಂಶ ಹಾಕಿಕೊಳ್ಳೋಕೆ ಬಂದವರಿಗೆ ಅನುಮತಿ ಇರೋದಿಲ್ಲ. ಹಕ್ಕು ಹಾಗೇ ಇದೆ, ಒತ್ತಲು ಕೀಲಿ ಇಲ್ಲ. ಕೀಲಿಮಣೆಯನ್ನು ಪುಟದ ಜೊತೆಗೇ ಕಳಿಸಿಕೊಡೋ ಉಪಾಯ ಮುಖ್ಯವಾಗೋದು ಇಲ್ಲಿ.

ಆದರೆ ಯಾವ ಕೀಲಿಮಣೆ? ಕನ್ನಡ ಬೆರಳಚ್ಚಿಗೆ ಅನಂತಸುಬ್ಬರಾಯರು ಕೂಡಿಸಿದ ವಿನ್ಯಾಸವೊಂದಿತ್ತು. ಕಂಪ್ಯೂಟರಿಗೆ ಬಂದಾಗ ದಾರಿ ಕವಲೊಡೆಯಿತು. ಕೇಂದ್ರದ ಇಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ಇನ್‌ಸ್ಕ್ರಿಪ್ಟ್ ವಿನ್ಯಾಸವನ್ನು ಮುಂದಿಟ್ಟಿತು. 1991ರಲ್ಲಿ ಅದು ಇಸ್ಕಿ ಸಂಕೇತದ ಜೊತೆ ಭಾರತೀಯ ಮಾನಕದೊಳಗೆ ಸೇರಿತು. ಅದರ ತರ್ಕ ಸೊಗಸಾಗಿದೆ. ಬ್ರಾಹ್ಮಿಯಿಂದ ಬಂದ ಲಿಪಿಗಳಿಗೆಲ್ಲ ವರ್ಣಮಾಲೆಯ ಕ್ರಮ ಹೆಚ್ಚುಕಮ್ಮಿ ಒಂದೇ, ಹಾಗಾಗಿ ಕೀಲಿಯೂ ಒಂದೇ. ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಪಾಲು ಬಲಗೈಗೆ. ಮಲಯಾಳದ ‘ಪ’ ಇದ್ದ ಕೀಲಿಯಲ್ಲೇ ಕನ್ನಡದ ‘ಪ’, ಮರಾಠಿಯ ‘ಪ’.

ಇನ್ನೊಂದು ದಾರಿ ಮಂಗಳೂರು ಕಡೆಯ ಕಿನ್ನಿಕಂಬಳದ ಕೆ.ಪಿ. ರಾಯರದ್ದು. ಇಂಗ್ಲಿಷ್ ಕೀಲಿಗಳ ಧ್ವನಿಯನ್ನೇ ಹಿಡಿದು, ಕಡಿಮೆ ಒತ್ತುಗಳಲ್ಲಿ ಕನ್ನಡ ಮೂಡಿಸೋ ವಿನ್ಯಾಸ ಅದು. ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಅವರು ಅದನ್ನು ಉಚಿತವಾಗಿಯೇ ಕೊಟ್ಟರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಮೂಲಕ ಅದೇ ವಿನ್ಯಾಸ ಕರ್ನಾಟಕದ ಕಚೇರಿಗಳಲ್ಲಿ ನೆಲೆಯಾಯಿತು.

ಈಗ ನಕ್ಷೆ ಬಿಡಿಸಿ ನೋಡಿ. ಕೇರಳದ ಶಾಲೆಗಳಲ್ಲಿ ಮಲಯಾಳಕ್ಕೆ ಕಲಿಸೋದು ಇನ್‌ಸ್ಕ್ರಿಪ್ಟ್. ಅದನ್ನು ಕಲಿತ ಕಾಸರಗೋಡಿನ ಹುಡುಗಿಗೆ ಲಿಪಿ ಬದಲಾಯಿಸಿದರೆ ಕನ್ನಡವೂ ಬಂತು, ಬೆರಳು ಹೊಸದಾಗಿ ಪಳಗಬೇಕಿಲ್ಲ. ಅದೇ ಹುಡುಗಿ ಮಂಗಳೂರಿನ ಕಚೇರಿಯಲ್ಲಿ ಕೂತರೆ ‘ನುಡಿ’ಯ ಮುಂದೆ ತಡವರಿಸ್ತಾಳೆ. ಅಕ್ಕಲಕೋಟೆಯಲ್ಲಿ ಮರಾಠಿ ಇನ್‌ಸ್ಕ್ರಿಪ್ಟ್ ಕಲಿತವರದ್ದೂ ಇದೇ ಕಥೆ. ಹೊಸೂರು, ತಾಳವಾಡಿಯ ಸ್ಥಿತಿ ಇದಕ್ಕೆ ತದ್ವಿರುದ್ಧ. ತಮಿಳುನಾಡು 1999ರಲ್ಲಿ ‘ತಮಿಳ್ 99’ ಅನ್ನೋ ತನ್ನದೇ ವಿನ್ಯಾಸ ಒಪ್ಪಿಕೊಂಡಿತು. ತಮಿಳಿಗೆ ಅದು ಬಹಳ ಚೆನ್ನಾಗಿದೆ, ಅದರಲ್ಲಿ ಮಹಾಪ್ರಾಣದ ಅಗತ್ಯವೇ ಇಲ್ಲವಲ್ಲ. ಆದರೆ ಅಲ್ಲಿ ಪಳಗಿದ ಬೆರಳಿಗೆ ಕನ್ನಡದ ಯಾವ ವಿನ್ಯಾಸವೂ ಹೊಂದೋದಿಲ್ಲ. ಅಂದರೆ ಒಂದೇ ಭಾಷೆಯವರನ್ನು ಕೀಲಿಮಣೆ ಬೇರೆ ಬೇರೆ ಗುಂಪು ಮಾಡಿತು, ಅದೂ ರಾಜ್ಯದ ಗೆರೆಯ ಮೇಲೆಯೇ. ಕಣ್ಣಿಗೆ ಅಕ್ಷರ ಕಾಣಿಸೋ ತೆರೆಯ ಕೀಲಿಮಣೆಗೆ ಈ ಭೇದ ತಟ್ಟೋದಿಲ್ಲ. ಅದು ನಿಧಾನ, ಒಪ್ಪುತ್ತೇನೆ. ಆದರೆ ಬೆರಳಚ್ಚು ಕಲಿಯದವರೂ ಅದನ್ನು ಬಳಸಬಹುದು.

ತಾಂತ್ರಿಕ ಹಿನ್ನೆಲೆಯೂ ಸ್ವಲ್ಪ ಬೇಕು. ಯೂನಿಕೋಡ್ ಬೇರೂರುವ ಮುಂಚೆ ಇಂಥ ಕೀಲಿಮಣೆ ಮಾಡಿದ್ದರೂ ಪ್ರಯೋಜನ ಕಡಿಮೆ ಇತ್ತು. ಹಳೆಯ ಫಾಂಟುಗಳಲ್ಲಿ ಕನ್ನಡದ ಚಿತ್ರದ ಹಿಂದೆ ಇದ್ದದ್ದು ಇಂಗ್ಲಿಷ್ ಸಂಕೇತ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡ ಪತ್ರ ತೆರೆದರೆ ರೋಮನ್ ಅಕ್ಷರಗಳ ರಾಶಿ. ಗಡಿ ದಾಟಿ ಪತ್ರ ಕಳಿಸೋರಿಗೆ ಇದರ ಬಿಸಿ ಹೆಚ್ಚು ತಟ್ಟಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಫಾಂಟ್ ಬಂದ ಮೇಲೆ, 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾದ ಮೇಲೆ, ಪುಟದೊಳಗೇ ಕನ್ನಡ ಬರೆಯೋ ಮಾತಿಗೆ ಅರ್ಥ ಬಂತು.

ಪುಟಕ್ಕೆ ಕೀಲಿಮಣೆ ಕೂರಿಸೋದು ನೋಡೋಕೆ ಸುಲಭ: ಒಂದಷ್ಟು ಗುಂಡಿ, ಒಂದೊಂದಕ್ಕೂ ಒಂದು ಅಕ್ಷರ. ತೊಡಕು ಒಳಗಿದೆ. ಗುಂಡಿ ಒತ್ತಿದ ಕ್ಷಣ ಬ್ರೌಸರಿನ ಗಮನ ಚೌಕದಿಂದ ಗುಂಡಿಗೆ ಜಾರುತ್ತೆ, ಅದನ್ನು ತಡೆಯಬೇಕು. ಅಕ್ಷರವನ್ನು ಸಾಲಿನ ಕೊನೆಗಲ್ಲ, ಕರ್ಸರ್ ನಿಂತಲ್ಲಿ ಸೇರಿಸಬೇಕು, ಇಲ್ಲವಾದರೆ ನಡುವಿನ ತಪ್ಪು ತಿದ್ದೋಕೆ ಆಗೋದೇ ಇಲ್ಲ. ‘ಕ್ಷ’ ನಮ್ಮ ಕಣ್ಣಿಗೆ ಒಂದು ಅಕ್ಷರ, ಯಂತ್ರಕ್ಕೆ ಮೂರು: ಕ, ವಿರಾಮ, ಷ. ಹಿಂದಕ್ಕೆ ಅಳಿಸಿದರೆ ಒತ್ತು ಮೊದಲು ಹೋಗುತ್ತೆ, ಅರ್ಧ ಮುರಿದ ‘ಕ್’ ಉಳಿಯುತ್ತೆ. ‘ಸೂರ್ಯ’ ಸಾಮಾನ್ಯ ಕ್ರಮದಲ್ಲಿ ಅರ್ಕಾವೊತ್ತಾಗಿಯೇ ಬರುತ್ತೆ. ‘ರ‍್ಯಾಂಕ್’ ಬರೆಯಲು ಕಣ್ಣಿಗೆ ಕಾಣದ ಕೂಡುಚಿಹ್ನೆ ನಡುವೆ ಬೇಕು. ಕಾಣದ ಆ ಚಿಹ್ನೆಗೂ ಕಾಣುವ ಒಂದು ಗುಂಡಿ ಇಡದ ಕೀಲಿಮಣೆಗಳೇ ಹೆಚ್ಚು. ಗೂಗಲ್ ಒಂದು ಕಾಲದಲ್ಲಿ ಬೇರೆಯವರ ಪುಟದಲ್ಲೂ ಕೂರಿಸಬಹುದಾದ ಕೀಲಿಮಣೆ ಕೊಟ್ಟು, ಆಮೇಲೆ ಹಿಂತೆಗೆದುಕೊಂಡಿತು. ಎರವಲು ಕೀಲಿಮಣೆಯ ಗತಿ ಅಷ್ಟೆ. ವಿಕಿಪೀಡಿಯದ್ದು ಮೆಚ್ಚಬೇಕಾದ ದಾರಿ: 2013ರಿಂದ ಭಾಷಾ ಆಯ್ಕೆಯೊಳಗೇ ಇನ್‌ಸ್ಕ್ರಿಪ್ಟ್, ಕಗಪ, ಲಿಪ್ಯಂತರಣ ಎಲ್ಲವನ್ನೂ ಒಟ್ಟಿಗೆ ಇಟ್ಟಿದೆ, ಕಾಸರಗೋಡಿನವರೂ ಬೆಂಗಳೂರಿನವರೂ ತಮ್ಮದನ್ನು ಆರಿಸಿಕೊಳ್ಳಲಿ ಅಂತ. ಅದು ತೆರೆಯ ಕೀಲಿಮಣೆಯಲ್ಲ, ಕೈಕೆಳಗಿನ ಕೀಲಿಗಳನ್ನೇ ಪುಟ ಕನ್ನಡವಾಗಿಸುತ್ತೆ. ಆದರೂ ತತ್ವ ಅದೇ, ಏನನ್ನೂ ಹಾಕಿಕೊಳ್ಳಬೇಕಿಲ್ಲ.

ನಮ್ಮ ವಿಭಾಗಕ್ಕೆ ಸಂಬಂಧಪಟ್ಟ ಒಂದು ಮಾತು ಬಾಕಿಯಿದೆ. ದಕ್ಷಿಣ ಭಾರತದ ಶಾಸನಗಳು ಮಾಲೆಯ 9ನೇ ಸಂಪುಟ ಇಡಿಯಾಗಿ ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳದ್ದು. ಇಂದು ಆಂಧ್ರದಲ್ಲಿರುವ ಎಷ್ಟೋ ಊರುಗಳ ಕಲ್ಲುಗಳು ಅದರಲ್ಲಿವೆ. ಅವನ್ನು ತೆರೆಗೆ ತರಬೇಕಾದರೆ ‘ಱ’ವೂ ಬೇಕು, ‘ೞ’ವೂ ಬೇಕು. ಯೂನಿಕೋಡಿನಲ್ಲಿ ‘ೞ’ ಇದೆ, ಆದರೆ ಅದರ ಅಧಿಕೃತ ಹೆಸರು ‘ಫಾ’ ಅಂತ ತಪ್ಪಾಗಿ ದಾಖಲಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದು ಅನ್ನೋದು ಅವರ ನಿಯಮ, ಹಾಗಾಗಿ ಸರಿಯಾದ ಹೆಸರನ್ನು ಪಕ್ಕದಲ್ಲಿ ಬರೆದಿದ್ದಾರೆ ಅಷ್ಟೆ. ಹೆಸರು ನೋಡಿ ಗುಂಡಿ ಜೋಡಿಸೋ ಎಂಜಿನಿಯರ್ ಅದನ್ನು ‘ಫ’ ಪಕ್ಕ ಇಟ್ಟಾನು, ಇಲ್ಲವೇ ಬೇಡವೆಂದು ಬಿಟ್ಟಾನು. ಆದೋನಿಯ ವಿದ್ಯಾರ್ಥಿಗೆ ಬೇಕಿರೋದು ‘ಳ’ದ ಪಕ್ಕ.