ವಿಶ್ವವಿದ್ಯಾನಿಲಯ ಕಟ್ಟಿದವರು, ಅದರ ಬಾಗಿಲು ತೆರೆದವರು

ನ್ಯೂಜೆರ್ಸಿ, ನ್ಯೂಯಾರ್ಕ್ ಕಡೆಯ ನಮ್ಮ ಮನೆಗಳಲ್ಲಿ ಕಾಲೇಜಿನ ಮಾತು ಬಂದರೆ ಮೊದಲು ಕೇಳೋದು ರ‍್ಯಾಂಕಿಂಗ್ ಎಷ್ಟು, ಫೀಸು ಎಷ್ಟು ಅಂತ. ಆ ಕಾಲೇಜನ್ನು ಯಾರು, ಯಾರಿಗೋಸ್ಕರ ಕಟ್ಟಿದರು ಅಂತ ಕೇಳೋದು ಕಡಿಮೆ. ಈ ಸಲ ಆ ಪ್ರಶ್ನೆ ಹಿಡಿದು ಮೈಸೂರಿಗೆ ಹೋಗಿಬರೋಣ, ಬನ್ನಿ.

1916ಕ್ಕೆ ಮುಂಚೆ ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಎರಡೂ ಮದ್ರಾಸ್ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಓದೋರು ನಮ್ಮವರು, ಡಿಗ್ರಿ ಕೊಡೋರು ಬೇರೆಯವರು. ದಿವಾನ್ ವಿಶ್ವೇಶ್ವರಯ್ಯನವರಿಗೆ ಇದು ಸರಿಬರಲಿಲ್ಲ. ಸಿ.ಆರ್. ರೆಡ್ಡಿ, ಥಾಮಸ್ ಡೆನ್ಹಾಮ್ ಇಬ್ಬರೂ ಹೊರದೇಶಗಳ ಉನ್ನತ ಶಿಕ್ಷಣವನ್ನು ಅಧ್ಯಯನ ಮಾಡಿದರು. ನಾಲ್ವಡಿ ಕೃಷ್ಣರಾಜ ಒಡೆಯರು ಬೆನ್ನಿಗೆ ನಿಂತರು. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಶುರುವಾಯಿತು. ಬ್ರಿಟಿಷರ ನೇರ ಆಳ್ವಿಕೆಯ ಹೊರಗೆ ಭಾರತದಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯ ಅದು. ಮೊದಲ ವೈಸ್ ಚಾನ್ಸಲರ್ ಎಚ್.ವಿ. ನಂಜುಂಡಯ್ಯ, ಅದಕ್ಕೆ ಹಿಂದಿನ ವರ್ಷವಷ್ಟೇ ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರಾದವರೂ ಅವರೇ.

ಕಥೆ ಇಲ್ಲಿಗೇ ಮುಗಿದಿದ್ದರೆ ಎಲ್ಲರಿಗೂ ಸಲೀಸಾಗಿತ್ತು. ಆದರೆ ಎರಡೇ ವರ್ಷದಲ್ಲಿ ಒಂದು ಕಷ್ಟದ ಪ್ರಶ್ನೆ ಎದ್ದಿತು. ಓದು, ಸರ್ಕಾರಿ ನೌಕರಿ ಎರಡರಲ್ಲೂ ಬ್ರಾಹ್ಮಣರೇ ಹೆಚ್ಚು. ಉಳಿದವರ ಪಾಲು ಎಲ್ಲಿ? ಇದನ್ನು ನೋಡೋಕೆ 1918ರಲ್ಲಿ ಮಹಾರಾಜರು ನ್ಯಾಯಮೂರ್ತಿ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿದರು. ಜಾತಿ ನೋಡಿ ಕೆಲಸ ಕೊಟ್ಟರೆ ಆಡಳಿತದ ಮಟ್ಟ ಇಳಿಯುತ್ತದೆ ಅನ್ನೋದು ವಿಶ್ವೇಶ್ವರಯ್ಯನವರ ಆತಂಕ. ಮಹಾರಾಜರು ಹಿಂದೆ ಸರಿಯಲಿಲ್ಲ. ದಿವಾನರು ಹುದ್ದೆ ಬಿಟ್ಟರು. ಒಟ್ಟಿಗೆ ವಿಶ್ವವಿದ್ಯಾನಿಲಯ ಕಟ್ಟಿದ ಇಬ್ಬರು, ಅದರ ಫಲ ಯಾರಿಗೆ ಅನ್ನೋ ಮಾತಿಗೆ ಬಂದಾಗ ಬೇರೆಯಾದರು.

ಈಗ ಕುಪ್ಪಳಿಗೆ ಬನ್ನಿ. ಮಲೆನಾಡಿನ ಒಕ್ಕಲು ಮನೆತನದ ಹುಡುಗನೊಬ್ಬ ಓದೋಕೆ ಮೈಸೂರಿಗೆ ಬಂದ. ಮೊದಲು ಬರೆದದ್ದು ಇಂಗ್ಲಿಷ್ ಕವಿತೆ. ಐರಿಷ್ ಕವಿ ಜೇಮ್ಸ್ ಕಸಿನ್ಸ್, ನಿನ್ನ ಭಾಷೆಯಲ್ಲಿ ಬರಿ ಅಂದರು. ಆ ಹುಡುಗನೇ ಕುವೆಂಪು. 1929ರಲ್ಲಿ ಅಲ್ಲೇ ಅಧ್ಯಾಪಕರಾದರು, 1956ರಲ್ಲಿ ಅಲ್ಲೇ ವೈಸ್ ಚಾನ್ಸಲರ್ ಆದರು. ಆ ಕುರ್ಚಿಯಲ್ಲಿ ಕೂತ ಮೊದಲ ಹಳೇ ವಿದ್ಯಾರ್ಥಿ ಅವರು. ಸ್ನಾತಕೋತ್ತರ ಓದಿಗೆ ಹೊಸ ಕ್ಯಾಂಪಸ್ ಕಟ್ಟಿಸಿ ಮಾನಸಗಂಗೋತ್ರಿ ಅಂತ ಹೆಸರಿಟ್ಟರು. ಅಧ್ಯಯನ, ಸಂಶೋಧನೆ ಇವೆರಡರ ಜೊತೆ ಪ್ರಸಾರವೂ ಬೇಕು ಅಂದರು. ಅಂದರೆ ಕಾಲೇಜಿಗೆ ಬರಲಾಗದ ರೈತನಿಗೂ ವಿಜ್ಞಾನ ಕನ್ನಡದಲ್ಲಿ ಸಿಗಬೇಕು.

ನಿಮ್ಮ ಹತ್ತಿರವೂ ಇಂಥ ಕಥೆ ಇದೆ. ಹಾರ್ಲೆಮ್‌ನ ಸಿಟಿ ಕಾಲೇಜು ಹುಟ್ಟಿದ್ದು 1847ರಲ್ಲಿ, ನ್ಯೂಯಾರ್ಕಿನ ಮತದಾರರ ಒಪ್ಪಿಗೆಯಿಂದ. ಆಗ ಅದರ ಹೆಸರು ಫ್ರೀ ಅಕಾಡೆಮಿ. ಬಡವರ, ವಲಸಿಗರ ಮಕ್ಕಳು ಅಲ್ಲಿ ಫೀಸಿಲ್ಲದೆ ಓದಿದರು. 1976ರಲ್ಲಿ, ನಗರದ ಬೊಕ್ಕಸ ಬರಿದಾದಾಗ, ಫೀಸು ಬಂತು. ತೆರೆದ ಬಾಗಿಲು ತಾನಾಗಿಯೇ ತೆರೆದಿರೋದಿಲ್ಲ ನೋಡಿ.

ವಿಶ್ವವಿದ್ಯಾನಿಲಯ ನಡೆಸೋರು ಕಟ್ಟಡ ಎಷ್ಟು ಎದ್ದಿತು ಅಂತ ಲೆಕ್ಕ ಕೊಡ್ತಾರೆ. ವಿಶ್ವೇಶ್ವರಯ್ಯನವರಂತೆ ಕಟ್ಟೋ ಛಲ ಬೇಕೇ ಬೇಕು. ಆದರೆ ಒಳಗೆ ಬಂದವರು ಯಾರು, ಹೊರಗೆ ಉಳಿದವರು ಯಾರು ಅನ್ನೋ ಲೆಕ್ಕವನ್ನೂ ಕೇಳಬೇಕು. ಮುಂದಿನ ಸಲ ಮಗಳ ಜೊತೆ ಕ್ಯಾಂಪಸ್ ನೋಡೋಕೆ ಹೋದಾಗ, ನೀವೇ ಕೇಳಿ ನೋಡಿ.